ಶೋರ್‌ಲೈನ್‌ನಲ್ಲಿ ಕೇಳಿದ ಇಥಿಯೋಪಿಯಾದ ಸಂತೆ

ಈಸ್ಟ್‌ಗೇಟ್

ಸಿಯಾಟಲ್‌ನಿಂದ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಕಂಡವರೆಲ್ಲ ಕೇಳಿದ್ದು ಒಂದೇ: "ಆ ಸೂಜಿಯಂಥ ಗೋಪುರ ಹತ್ತಿದ್ರಿಲ್ಲೋ?" ಹತ್ತಲಿಲ್ಲ. ಹೋದ ದಿನ ಮೋಡ ಕವಿದಿತ್ತು. ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು, ಅದರಲ್ಲೂ ಗೋಪುರದ ತುದಿ ಬಂದಿಲ್ಲ. ಹಾಗಾದರೆ ನಲವತ್ತು ದಿನ ಏನು ಮಾಡಿದಿರಿ ಎಂದರೆ, ಇಥಿಯೋಪಿಯಾದ ಒಂದು ಊರಿನ ಸಂತೆಯಲ್ಲಿ ಉಳ್ಳಾಗಡ್ಡಿ ಯಾವಾಗ ತುಟ್ಟಿ, ಯಾವಾಗ ಸೋವಿ ಎಂಬುದನ್ನು ತಿಳಿದು ಬಂದೆ ಎನ್ನಬೇಕಾಗುತ್ತದೆ. ಕೇಳಿದವರು ನನ್ನ ಮುಖ ನೋಡುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಬರೆದೇ ಬಿಡೋಣವೆಂದು ಕೂತಿದ್ದೇನೆ.

ನನ್ನ ತಮ್ಮ ಗಿರೀಶ, ಅವನ ಹೆಂಡತಿ ಪಲ್ಲವಿ ಸಿಯಾಟಲ್ ಹತ್ತಿರದ ಈಸ್ಟ್‌ಗೇಟಿನಲ್ಲಿದ್ದಾರೆ. ಹೆದ್ದಾರಿಯ ಸದ್ದು ಹಗಲೆಲ್ಲ ದೂರದ ಹಿಟ್ಟಿನ ಗಿರಣಿಯಂತೆ ಕೇಳುವ ಮನೆ. "ಅಕ್ಕಾ, ಈ ಸಲ ಬರಲಿಲ್ಲಂದ್ರ ನಾ ಮಾತಾಡಂಗಿಲ್ಲ ನೋಡು" ಎಂದು ಹೆದರಿಸಿ ಅವನೇ ಟಿಕೆಟ್ಟು ಕಳಿಸಿದ. ಟಿಕೆಟ್ಟು ಬಂದ ವಾರವೇ ಇವರ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗ ಮುಚ್ಚಿತು. ಇವರು ಎಂದರೆ ನಮ್ಮ ಮನೆಯವರು. ಮಕ್ಕಳೆಲ್ಲ ಕಂಪ್ಯೂಟರ್ ಕಡೆಗೆ ಹೊರಟರೆ ಲೇತ್ ಯಂತ್ರದ ಮುಂದೆ ನಿಲ್ಲುವವರು ಯಾರು? ಇಪ್ಪತ್ತಾರು ವರ್ಷ ಪಾಠ ಹೇಳಿದವರು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮನೆಯಲ್ಲಿ ಕೂತರು. ಕೂತೂ ಸುಮ್ಮನಿರಲಿಲ್ಲ, ಕಂಡ ಕಂಡಲ್ಲಿಗೆ ಅರ್ಜಿ ಹಾಕಿದರು. ಕೊನೆಗೆ ಇಥಿಯೋಪಿಯಾದ ಒಂದು ವಿಶ್ವವಿದ್ಯಾಲಯ ಎರಡು ವರ್ಷಕ್ಕೆಂದು ಕರೆಯಿತು. ನಮ್ಮ ಕಡೆಯ ಎಷ್ಟೋ ಅಧ್ಯಾಪಕರು ಹಿಂದೆ ಅಲ್ಲಿ ಪಾಠ ಹೇಳಿ ಬಂದವರೇ. ಹಾಗಾಗಿ ಆ ದೇಶದ ಹೆಸರು ನನಗೆ ಹೊಸದಾಗಿರಲಿಲ್ಲ. ಹೊಸದಾಗಿ ಕಂಡದ್ದು ಇವರ ತೀರ್ಮಾನ: ಒಬ್ಬರೇ ಹೋಗುವುದು.

ಇವರು ಲೆಕ್ಕದ ಮನುಷ್ಯ. ಯಾವುದೋ ಜಾಲತಾಣದಲ್ಲಿ ಆ ದೇಶದ ಜೀವನವೆಚ್ಚದ ಉದ್ದನೆಯ ಪಟ್ಟಿ ಸಿಕ್ಕಿತ್ತು. ಅದರ ಕಟ್ಟಕಡೆಗೆ 'ಒಬ್ಬ ವ್ಯಕ್ತಿಗೆ ತಿಂಗಳಿಗೆ ಇಷ್ಟು' ಎಂಬ ಮೊತ್ತ. ಅದನ್ನು ಎರಡರಿಂದ ಗುಣಿಸಿ ಸಂಬಳದ ಪಕ್ಕದಲ್ಲಿಟ್ಟು ನೋಡಿದರು.

"ಇಬ್ಬರು ಹ್ವಾದ್ರ ಒಂದು ಪೈಸಾ ಉಳಿಯಂಗಿಲ್ಲ ಸುಮಿತ್ರಾ. ನೀ ಬೆಳಗಾವ್ಯಾಗ ಮಗಳ ಹತ್ರ ಇರು. ಎರಡು ವರ್ಷ ಏನು ಮಹಾ, ಹಂಗ ಹೋಗಿಬಿಡ್ತಾವ."

ನಾನು "ಹೂಂ" ಎಂದೆ. ನನ್ನ ಬಾಣಂತನದ ತಿಂಗಳುಗಳನ್ನು ಬಿಟ್ಟರೆ ಇಪ್ಪತ್ತೇಳು ವರ್ಷದಲ್ಲಿ ನಾವಿಬ್ಬರು ಬೇರೆ ಬೇರೆ ಊರಿನಲ್ಲಿ ಇದ್ದದ್ದಿಲ್ಲ. ಈ ಮನುಷ್ಯನಿಗೆ ಇವತ್ತಿಗೂ ಚಹಾಪುಡಿ ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿಲ್ಲ. ಬೇಡ ಎಂದರೆ ಬಂದ ನೌಕರಿಗೆ ಅಡ್ಡ ಬಂದಂತೆ, ಬರುತ್ತೇನೆ ಎಂದರೆ ಉಳಿಯುವುದನ್ನು ಉಣ್ಣಲು ಹೊರಟಂತೆ. ಹಾಗಾಗಿ ಹೂಂ ಎಂದೆ. 'ಒಬ್ಬರಿಗೆ ವಸತಿ' ಎಂದು ತುಂಬಿದ ಫಾರ್ಮು ಇವರ ಲ್ಯಾಪ್‌ಟಾಪಿನಲ್ಲಿ ಕೂತು ನಮ್ಮ ಜೊತೆ ಅಮೆರಿಕಕ್ಕೂ ಬಂತು. ನಾವಲ್ಲಿಗೆ ಹೋದ ಮೂರನೆಯ ವಾರದ ಸೋಮವಾರ ಅದನ್ನು ಕಳಿಸಲು ಕೊನೆಯ ದಿನ.

ಇಸ್ಸಾಕ್ವಾ, ಕೊನೆಯ ಸ್ಟಾಪು

ಆ ಸೋಮವಾರದ ಹಿಂದಿನ ಮಂಗಳವಾರ ನಾವಿಬ್ಬರೇ ಬಸ್ಸಿನಲ್ಲಿ ಹೋಗಿ ತರಕಾರಿ ತರುವ ಧೈರ್ಯ ಮಾಡಿದೆವು. ನಾಲ್ಕನೆಯ ಸ್ಟಾಪಿಗೆ ಇಳಿಯಿರಿ ಎಂದು ಪಲ್ಲವಿ ಬಸ್ಸಿನ ನಂಬರು ಬರೆದುಕೊಟ್ಟಿದ್ದಳು. ಹತ್ತುವಾಗ ಇವರು ಚಿಲ್ಲರೆಗೆ ಕಿಸೆ ತಡಕಾಡುತ್ತಿದ್ದರೆ ಡ್ರೈವರು ಕೈಸನ್ನೆ ಮಾಡಿ ಒಳಗೆ ಕಳಿಸಿದಳು. ಹೌದು, ಡ್ರೈವರು ಹೆಂಗಸು. ಅಷ್ಟುದ್ದದ ಬಸ್ಸನ್ನು ಎರಡು ಬೆರಳಲ್ಲಿ ತಿರುಗಿಸುತ್ತಿದ್ದಳು.

ನಾಲ್ಕನೆಯ ಸ್ಟಾಪು ಬಂತು, ಹೋಯಿತು. ಬಸ್ಸು ನಿಲ್ಲಲಿಲ್ಲ. ಕಿಟಕಿಗಳುದ್ದಕ್ಕೂ ಒಂದು ಹಳದಿ ಹಗ್ಗ ಕಟ್ಟಿತ್ತು. ಸ್ವಲ್ಪ ಮುಂದೆ ಒಬ್ಬ ಅಜ್ಜ ಅದನ್ನು ಜಗ್ಗಿದ, ಬಸ್ಸು ನಿಂತಿತು, ಅವನು ಇಳಿದುಹೋದ.

"ರೀ, ಆ ಹಗ್ಗ ಜಗ್ಗ್ರಿ."

"ಹುಚ್ಚಿ ಏನು? ರೈಲಿನ ಚೈನ್ ಇದ್ದಂಗ ಅದು. ಸುಮ್ನ ಜಗ್ಗಿದ್ರ ದಂಡ ಹಾಕ್ತಾರ. ಪರದೇಶ ಇದು."

"ಆ ಅಜ್ಜ ಜಗ್ಗಿದನಲ್ರಿ?"

"ಅವನಿಗೆ ಏನೋ ಅರ್ಜೆಂಟ್ ಇರಬೇಕು."

ಇವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ತಪ್ಪಿಯೂ ಹಗ್ಗ ತಾಕದಂತೆ ಕೂತರು. ಬಸ್ಸು ಹೆದ್ದಾರಿಗೆ ಬಿತ್ತು. ಎರಡೂ ಬದಿಗೆ ಕಪ್ಪು ಹಸಿರಿನ ಗುಡ್ಡ ಎದ್ದವು. ನಾನು ಖಾಲಿ ಕೈಚೀಲ ಮಡಚಿಕೊಂಡು ಅವನ್ನೇ ನೋಡುತ್ತ ಕೂತೆ. ಇಸ್ಸಾಕ್ವಾ ಎಂಬ ಊರಲ್ಲಿ ಎಲ್ಲರೂ ಇಳಿದರು. ಇಳಿಯುವ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುವುದು ಅಲ್ಲಿನ ರೂಢಿ. ನಮ್ಮಲ್ಲಿ ಇಳಿಯುವಾಗ ಕಂಡಕ್ಟರಿನಿಂದ ಬೈಸಿಕೊಳ್ಳದಿದ್ದರೆ ಸಾಕು.

ಬಸ್ಸಿನಲ್ಲಿ ನಾವಿಬ್ಬರೇ ಉಳಿದೆವು. ಡ್ರೈವರು ಎದ್ದು ಬಂದಳು. ಮೂವತ್ತೈದರ ಮೇಲೆ ವಯಸ್ಸು, ಎಣ್ಣೆಗಪ್ಪು ಮೈಬಣ್ಣ, ಬಿಗಿಯಾಗಿ ಹೆಣೆದ ಕೂದಲು. ಎಲ್ಲಿ ಇಳಿಯಬೇಕಿತ್ತು ಎಂದು ಕೇಳಿದಳು. ಇವರು ಭಾರತೀಯ ರೈಲಿನ ಚೈನಿನ ವಿಷಯವನ್ನು ತರಗತಿಯಲ್ಲಿ ವಿವರಿಸುವ ಹಾಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ಕಂಬ ಹಿಡಿದುಕೊಂಡು ನಕ್ಕಳು. (ಅವಳ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ.)

"ಎಳೆದರೆ ಗಂಟೆ ಹೊಡೆಯುತ್ತೆ, ನಾನು ನಿಲ್ಲಿಸ್ತೀನಿ. ಅಷ್ಟೇ! ಕೂತಿರಿ, ಹದಿನೈದು ನಿಮಿಷಕ್ಕೆ ವಾಪಸ್ ಹೋಗ್ತೀನಿ."

ಹಾಗೆಂದು ಎದುರು ಸೀಟಿನಲ್ಲಿ ಕೂತು ತನ್ನ ಡಬ್ಬಿ ಬಿಚ್ಚಿದಳು. ಒಳಗೆ ಸುರುಳಿ ಸುತ್ತಿದ ಬೂದುಬಣ್ಣದ ದೋಸೆ, ಮೈತುಂಬ ತೂತು. ಹಿಟ್ಟು ಹುಳಿ ಬಂದ ವಾಸನೆ ನನ್ನ ಮೂಗಿಗೆ ತಟ್ಟನೆ ಗೊತ್ತಾಯಿತು. "ದೋಸೆಯಾ?" ಎಂದೆ.

"ಇಂಜೆರಾ. ನಮ್ಮ ಇಥಿಯೋಪಿಯಾದ್ದು."

ಅಲ್ಲಿಯವರೆಗೆ ಮುದುಡಿ ಕೂತಿದ್ದ ಇವರು ನೆಟ್ಟಗಾದರು. ತಮಗೆ ಕರೆ ಬಂದ ಊರಿನ ಹೆಸರು ಹೇಳಿದರು. ಅವಳು ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದಳು.

"ನಮ್ಮೂರಿನಿಂದ ಎರಡು ಗಂಟೆ ದಾರಿ! ಅಮ್ಮ ಆ ಕಡೆಯಿಂದ ಬಂದು ಬರೀ ನಾಲ್ಕು ತಿಂಗಳಾಯ್ತು. ಇಲ್ಲಿ ಯಾರ ಹತ್ತಿರವೂ ಮಾತಿಲ್ಲ. ದಿನವಿಡೀ ಕಿಟಕಿ ಹತ್ತಿರ ಕೂತಿರ್ತಾಳೆ. ಶುಕ್ರವಾರ ನನಗೆ ರಜೆ. ಊಟಕ್ಕೆ ಬನ್ನಿ. ನೀವು ಅಲ್ಲಿಗೆ ಹೋಗೋರು ಅಂದರೆ ಅವಳಿಗೆ ಹಬ್ಬ."

ಅವಳ ಹೆಸರು ಸೆಲಾಮ್. ವಾಪಸ್ಸು ಬರುವಾಗ ನಮ್ಮ ಸ್ಟಾಪು ಹತ್ತಿರವಾದಾಗ ಕನ್ನಡಿಯಲ್ಲೇ ಸನ್ನೆ ಮಾಡಿದಳು. ಇವರು ಎದ್ದು ನಿಂತು, ಬಸ್ಸಿಗೆಲ್ಲ ಕಾಣುವಂತೆ ಹಗ್ಗ ಜಗ್ಗಿದರು.

ಶೋರ್‌ಲೈನ್, ಶುಕ್ರವಾರ

ಬರಿಗೈಯಲ್ಲಿ ಹೋಗುವುದೆಂತು? ಗುರುವಾರವೇ ಶೇಂಗಾ ಹೋಳಿಗೆ ಮಾಡಿ, ಒಂದೊಂದಕ್ಕೂ ಕೈಬಿಚ್ಚಿ ತುಪ್ಪ ಸವರಿದೆ. ಪಲ್ಲವಿ ಮೈಸೂರಿನವಳು. ಕಾರು ಓಡಿಸುತ್ತ, "ಅಕ್ಕ, ಅವ್ರು ನಾನ್‌ವೆಜ್ ಮಾಡಿಟ್ಟಿದ್ರೆ ಏನ್ ಮಾಡ್ತೀರಾ? ಫೋನ್ ಮಾಡಿ ಹೇಳಿಬಿಡ್ಲಾ?" ಎಂದಳು. ಕರೆದವರ ಮನೆಗೆ ಷರತ್ತು ಹಾಕಿ ಹೋಗುವುದು ನನಗೆ ಒಗ್ಗಲಿಲ್ಲ. ನೋಡೋಣ ಬಿಡು ಎಂದೆ. ಒಳಗೊಳಗೆ ಮಾತ್ರ ನಾನು ಯೋಚಿಸುತ್ತಿದ್ದದ್ದು ಬೇರೆ: ಇವತ್ತು ಒಂದು ಹೊತ್ತಿನ ಮಾತು, ಅಲ್ಲಿ ಎರಡು ವರ್ಷ ಇವರು ಒಬ್ಬರೇ ಏನು ತಿಂದಾರು?

ಶೋರ್‌ಲೈನಿನ ಆ ಮನೆಯನ್ನು ಮೂರು ಸಂಸಾರ ಹಂಚಿಕೊಂಡಿದ್ದವು. ಸೆಲಾಮ್‌ಳದು ಕೆಳಗಿನ ಎರಡು ಕೋಣೆ. ಅವಳ ತಾಯಿ ಅಲ್ಮಾಜ್, ಬಣ್ಣದ ಅಂಚಿನ ಬಿಳಿ ಶಾಲು ಹೊದ್ದು ಬಾಗಿಲಲ್ಲೇ ನಿಂತಿದ್ದರು. ಅರವತ್ತು ದಾಟಿದವರು, ಊರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ನನ್ನ ಭುಜಕ್ಕೆ ಭುಜ ತಾಕಿಸಿ ಬರಮಾಡಿಕೊಂಡರು.

ನಾನು ಡಬ್ಬಿ ಕೊಟ್ಟೆ. ಅವರು ಮುಚ್ಚಳ ತೆಗೆದು ಮೂಸಿ, ಮಗಳಿಗೆ ಏನೋ ಕೇಳಿದರು. "ಬೆಣ್ಣೆ ಹಾಕಿದ್ದೀರಾ ಅಂತ ಕೇಳ್ತಿದ್ದಾಳೆ."

"ಭರ್ಜರಿ ಹಾಕೀನಿ!" ಎಂದೆ ಹೆಮ್ಮೆಯಿಂದ.

ಅಲ್ಮಾಜ್ ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿನ ಮೇಲಿಟ್ಟುಬಿಟ್ಟರು. ನನ್ನ ಮುಖ ಸಣ್ಣದಾಯಿತು. ಮುಟ್ಟಿಯೂ ನೋಡಲಿಲ್ಲವಲ್ಲ! ಸೆಲಾಮ್ ಅದನ್ನು ಗಮನಿಸಿ ಕೈ ಹಿಡಿದುಕೊಂಡಳು. "ತಪ್ಪು ತಿಳೀಬೇಡಿ. ಇವತ್ತು ಶುಕ್ರವಾರ, ನಮಗೆ ಉಪವಾಸ. ಹಾಲು, ಬೆಣ್ಣೆ, ಮಾಂಸ, ಮೊಟ್ಟೆ ಏನೂ ಇಲ್ಲ. ನಾಳೆ ಬೆಳಿಗ್ಗೆ ಎದ್ದು ಮೊದಲು ಅದನ್ನೇ ತಿಂತಾಳೆ, ನೋಡಿ."

ಉಪವಾಸದವರು ಊಟಕ್ಕೆ ಕರೆಯುತ್ತಾರೆಯೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಗಂಗಾಳದಷ್ಟು ದೊಡ್ಡ ತಟ್ಟೆ ಬಂತು. ಒಂದೇ ಅಗಲವಾದ ಇಂಜೆರಾ, ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಚೆನ್ನಂಗಿಬೇಳೆ, ಕಡಲೆಹಿಟ್ಟಿನ ಖಾರದ ಗೊಜ್ಜು, ಎಲೆಕೋಸು, ಸೊಪ್ಪಿನ ಪಲ್ಯ. ನಮ್ಮ ಉಪವಾಸದಲ್ಲಿ ಅನ್ನ, ಬೇಳೆ ವರ್ಜ್ಯ, ಹಾಲು ತುಪ್ಪವೇ ಆಸರೆ. ಅವರದು ಪೂರಾ ಉಲ್ಟಾ. ಬುಧವಾರ, ಶುಕ್ರವಾರ, ಅದಲ್ಲದೆ ಹಬ್ಬದ ಮುಂಚೆ ವಾರಗಟ್ಟಲೆ ಹೀಗೆಯೇ ಉಣ್ಣುತ್ತಾರಂತೆ, ಹೋಟೆಲುಗಳಲ್ಲೂ ಸಿಗುತ್ತದಂತೆ. ನನ್ನ ಎದೆಯ ಮೇಲಿನ ಒಂದು ಕಲ್ಲು ಆಗಲೇ ಇಳಿಯಿತು.

ಇನ್ನೊಂದು ಬಾಕಿ ಇತ್ತು. ಐದು ಜನಕ್ಕೆ ತಟ್ಟೆ ಒಂದೇ! ಎಲ್ಲರ ಕೈಯೂ ಅದರಲ್ಲೇ. ಎಂಜಲು ಮುಸುರೆ ಎಂದು ಬೆಳೆದ ನಾನು ನನ್ನ ಮುಂದಿನ ತುದಿಯನ್ನಷ್ಟೇ ಮುರಿಯುತ್ತಿದ್ದೆ. ಅಲ್ಮಾಜ್ ಒಂದು ದೊಡ್ಡ ತುತ್ತು ಕಟ್ಟಿ, ಕೇಳದೆ ಹೇಳದೆ ನನ್ನ ಬಾಯಿಗೇ ಇಟ್ಟರು. ಅದು ಅವರಲ್ಲಿ ಪ್ರೀತಿಯ ಮರ್ಯಾದೆಯಂತೆ. ನುಂಗುವ ಮೊದಲೇ ನನಗೆ ನೆನಪಾದದ್ದು ನಮ್ಮ ಮದುವೆಯ ಭೂಮದ ಊಟ. ಒಂದೇ ತಟ್ಟೆ, ಸುತ್ತ ಬಂಧುಬಳಗ, ಬಾಯಿಗಿಡುವ ತುತ್ತು. ವರ್ಷಕ್ಕೊಮ್ಮೆ ಯಾರದೋ ಮದುವೆಯಲ್ಲಿ ನಾವು ಮಾಡುವುದನ್ನು ಅವರು ದಿನಾ ಮಾಡುತ್ತಾರೆ, ಅಷ್ಟೇ. ಆಮೇಲೆ ಅಲ್ಮಾಜ್ ಇವರ ಕಡೆ ತಿರುಗಿ, ಹೆಂಡತಿಗೆ ನೀನೂ ತಿನಿಸು ಎಂದು ಸನ್ನೆ ಮಾಡಿದರು. ಇವರ ಕಿವಿ ಕೆಂಪಾದವು. "ಹಾಕಿ ಭಾವ, ವಿಡಿಯೋ ಮಾಡ್ಕೋತೀನಿ" ಎಂದಳು ಪಲ್ಲವಿ. ಇವರು ಇಟ್ಟ ತುತ್ತಿನ ಅರ್ಧ ನನ್ನ ಸೀರೆಯ ಮೇಲೆ ಬಿತ್ತು.

ಊಟವಾದ ಮೇಲೆ ಕಾಫಿ. ಹಸಿ ಬೀಜವನ್ನು ನಮ್ಮೆದುರಿಗೇ ಬಾಣಲೆಯಲ್ಲಿ ಹುರಿದರು. ಹೊಗೆ ಎದ್ದದ್ದೇ ತಡ, ಛತ್ತಿನ ಅಲಾರಾಂ ಕಿರುಚಿಕೊಂಡಿತು. ಸೆಲಾಮ್ ಸ್ಟೂಲು ಹತ್ತಿ ಟವೆಲ್ಲು ಬೀಸಿದಳು. "ನಮ್ಮನೇಲಿ ಒಗ್ಗರಣೆಗೆ ಇದೇ ಕಥೆ" ಎಂದು ಪಲ್ಲವಿ ಬಾಗಿಲು ತೆರೆದಳು. ಅಲ್ಮಾಜ್ ಮಾತ್ರ ಏನೂ ಆಗದವರಂತೆ ಬೀಜ ಕೈಯಾಡಿಸುತ್ತಿದ್ದರು.

ಎರಡನೆಯ ಸುತ್ತಿನ ಕಾಫಿಗೆ ಅವರು ನೇರವಾಗಿ ಕೇಳಿದರು. "ಇವನು ಹೋಗ್ತಾನೆ, ಸರಿ. ಇವಳು?"

ಇವರು ಉತ್ತರಕ್ಕೆ ಬದಲು ಕಿಸೆಯಿಂದ ಮಡಚಿದ ಕಾಗದ ತೆಗೆದರು. ಆ ಪಟ್ಟಿಯನ್ನು ಗಿರೀಶನ ಪ್ರಿಂಟರಿನಲ್ಲಿ ಮುದ್ರಿಸಿಕೊಂಡು ತಂದಿದ್ದರು! ಸೆಲಾಮ್ ಒಂದೊಂದು ಸಾಲನ್ನೂ ತಾಯಿಗೆ ಓದಿ ಹೇಳಿದಳು. ಒಂದು ಬಾಟಲಿ ವೈನು. ದನದ ಮಾಂಸ. ಹೊರದೇಶದ ಚೀಸು. ಸೇಬುಹಣ್ಣು. ಸಿಗರೇಟು. ದೊಡ್ಡ ಹೋಟೆಲಿನಲ್ಲಿ ಇಬ್ಬರ ಊಟ. ಪ್ರತಿ ಸಾಲಿಗೂ ಅಲ್ಮಾಜ್ ಅವರದು ಒಂದೇ ಪ್ರಶ್ನೆ: "ಇದನ್ನ ಯಾರು ತಿಂತಾರೆ?" ಜಿಮ್ಮಿನ ಶುಲ್ಕ ಎಂದಾಗ ಅದೇನೆಂದು ಕೇಳಿ ತಿಳಿದು, "ಭಾರ ಎತ್ತೋಕೆ ದುಡ್ಡು ಕೊಡ್ತಾರಾ? ಸಂತೆಯಿಂದ ಹಿಟ್ಟಿನ ಚೀಲ ಹೊರಲಿ" ಎಂದರು.

ನಾನು ಇವರ ಮುಖ ನೋಡಿದೆ. "ಅಲ್ರೀ, ಅದರೊಳಗ ಏನೇನು ಐತಿ ಅಂತ ಓದಲಿಲ್ಲೇನು?"

"ಟೋಟಲ್ ನೋಡಿದ್ನಿ" ಎಂದರು ಮೆಲ್ಲಗೆ.

"ಭಾವ, ತಿಂಗಳಿಗೆ ಎಷ್ಟ್ ಬಾಟಲ್ ಪ್ಲ್ಯಾನ್ ಇತ್ತು?" ಪಲ್ಲವಿಯ ನಗು ತಡೆಯಲಾಗಲಿಲ್ಲ.

ಅಲ್ಮಾಜ್ ಪಟ್ಟಿಯನ್ನು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು. ನೀವು ನಿಜವಾಗಿ ಏನು ತಿನ್ನುತ್ತೀರಿ? ರೊಟ್ಟಿ, ಬೇಳೆ, ಪಲ್ಯ, ಶೇಂಗಾ ಚಟ್ನಿ ಎಂದೆ. ಯಾವುದರ ರೊಟ್ಟಿ? ಜೋಳದ ತೆನೆಯ ಚಿತ್ರ ಫೋನಿನಲ್ಲಿ ತೋರಿಸಿದೆ. ಮುದುಕಿಯ ಮುಖ ಅರಳಿಹೋಯಿತು. ಅದು ಅವರ ನೆಲದ್ದೇ ಬೆಳೆಯಂತೆ, ಸಂತೆಯಲ್ಲಿ ರಾಶಿ ರಾಶಿ ಬರುತ್ತದಂತೆ.

"ಜ್ವಾಳ ಸಿಗತೈತೇನು ಅಲ್ಲೆ!" ಇವರು ಕಪ್ಪು ಕೆಳಗಿಟ್ಟರು. ಅಷ್ಟು ದೊಡ್ಡ ಪಟ್ಟಿಯಲ್ಲಿ ಜೋಳದ ಹೆಸರೇ ಇರಲಿಲ್ಲ.

ಆಮೇಲೆ ಸಂತೆಯ ಮಾತು ಶುರುವಾಯಿತು. ಉಳ್ಳಾಗಡ್ಡಿ ಸುಗ್ಗಿಯಲ್ಲಿ ಸೋವಿ, ಮಳೆಗಾಲಕ್ಕೆ ಕಣ್ಣೀರು. ಮೆಣಸಿನಕಾಯಿಯನ್ನು ಮೂಸಿ ಕೊಳ್ಳಬೇಕು. ಎಣ್ಣೆ ತುಟ್ಟಿ, ಒಂದು ತಿಂಗಳಿನ ದರ ಮುಂದಿನ ತಿಂಗಳಿಗಿಲ್ಲ. ಇಂಜೆರಾ ಮಾಡುವ ಟೆಫ್ ಎಂಬ ಕಾಳು ಈಗ ಎಷ್ಟು ತುಟ್ಟಿ ಎಂದರೆ, ಜೋಳವನ್ನೋ ಅಕ್ಕಿಯನ್ನೋ ಬೆರೆಸಿ ಬೀಸುತ್ತಾರಂತೆ. ನಮ್ಮಲ್ಲೂ ಬಡವರದು ಎನ್ನುತ್ತಿದ್ದ ಜೋಳ ಈಗ ಗೋಧಿಯನ್ನು ಹಿಂದೆ ಹಾಕಿದೆ ಎಂದೆ. ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟೆವು. ಮಾತು ಅನುವಾದವಾಗುವ ಮೊದಲೇ ನಿಟ್ಟುಸಿರು ತಿಳಿದುಬಿಡುತ್ತಿತ್ತು.

"ಸಂಬಳ ಹೆಂಗ ಅಲ್ಲೆ?" ಎಂದು ಸೆಲಾಮ್‌ಳಿಂದ ತಾಯಿಗೆ ಕೇಳಿಸಿದೆ.

"ನನ್ನ ಮೊದಲ ಸಂಬಳದಲ್ಲಿ ಟೆಫ್ ತಂದೆ, ಬೆಣ್ಣೆ ತಂದೆ, ನನ್ನ ಅಮ್ಮನಿಗೆ ಶಾಲು ತಂದೆ. ಕೊನೇ ಸಂಬಳದಲ್ಲಿ ಟೆಫ್, ಎಣ್ಣೆ, ಮುಗೀತು. ನೋಟು ಜಾಸ್ತಿ, ಚೀಲ ಸಣ್ಣದು. ದೇಶ ಬೆಳೆದಿಲ್ಲ ಅನ್ನಲ್ಲ. ರಸ್ತೆ ಬಂತು, ಕಾಲೇಜು ಬಂತು, ದೊಡ್ಡ ದೊಡ್ಡ ಕಟ್ಟಡ ಬಂದವು. ಕಟ್ಟಡ ಏರಿದ ಹಾಗೆ ನನ್ನ ಚೀಲ ಇಳೀತು."

ಅವರ ಅಣ್ಣನ ಮಗ ಕಾಲೇಜಿನಲ್ಲಿ ಅಧ್ಯಾಪಕ. ಸಂಜೆ ಆಟೋ ಓಡಿಸುತ್ತಾನೆ. "ಆಟೋ ನಿಮ್ಮ ದೇಶದ್ದೇ" ಎಂದು ಸೆಲಾಮ್ ಸೇರಿಸಿದಳು. ಹೊರದೇಶದ ಅಧ್ಯಾಪಕರಿಗೆ ಕೊಡುವ ಸಂಬಳ ಅವನ ಸಂಬಳದ ಎಷ್ಟೋ ಪಟ್ಟು.

"ಅದೇ ಪಾಠಕ್ಕೆ?" ಎಂದರು ಇವರು.

"ಅದೇ ಪಾಠಕ್ಕೆ."

ಕಾಲೇಜು ಮುಚ್ಚುವ ಮುಂಚಿನ ವರ್ಷ ಇವರೂ ಅರ್ಧ ಸಂಬಳಕ್ಕೆ ಪೂರ್ತಿ ಪಾಠ ಹೇಳಿದವರು, ಅದರ ರುಚಿ ಗೊತ್ತಿತ್ತು. ಅಲ್ಮಾಜ್ ಇವರ ಕಪ್ಪಿಗೆ ಮೂರನೆಯ ಸುತ್ತಿನ ಕಾಫಿ ಬಗ್ಗಿಸಿದರು. "ನೀನು ಹೋಗದ ಮಾತ್ರಕ್ಕೆ ಅವನ ಸಂಬಳ ಏರಲ್ಲ. ಹೋಗು, ಚೆನ್ನಾಗಿ ಕಲಿಸು. ಆದರೆ ಅಲ್ಲಿನ ಅಧ್ಯಾಪಕರ ಮಧ್ಯೆ ಸಂಬಳದ ಮಾತು ಎತ್ತಬೇಡ, ಕಾಫಿಗೆ ಕೂತಾಗ ದುಡ್ಡು ನೀನು ಕೊಡು. ಇವಳನ್ನೂ ಕರ್ಕೊಂಡು ಹೋಗು. ಆ ಸಂಬಳದಲ್ಲಿ ನಾನಾಗಿದ್ರೆ ನನ್ನ ತಂಗಿ ಸಂಸಾರವನ್ನೂ ಸಾಕ್ತಿದ್ದೆ."

ಹೊರಡುವಾಗ ಸೆಲಾಮ್ ಕಾರಿನವರೆಗೂ ಬಂದಳು. ತನ್ನ ಒಂದು ಗಂಟೆಯ ಕೂಲಿ ಊರಿನಲ್ಲಿ ಅಮ್ಮನ ಎಷ್ಟೋ ದಿನದ ಸಂಬಳಕ್ಕೆ ಸಮ ಎಂದಳು. ಬಾಡಿಗೆ ಕೊಟ್ಟು, ಊರಿಗೆ ಹಣ ಕಳಿಸಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೇ, ಅದಕ್ಕೇ ಮೂರು ಸಂಸಾರಕ್ಕೆ ಒಂದೇ ಅಡುಗೆಮನೆ. "ಅಮ್ಮ ಇಷ್ಟು ಮಾತಾಡಿದ್ದು ಇಲ್ಲಿಗೆ ಬಂದ ಮೇಲೆ ಇವತ್ತೇ" ಎಂದು ಕಿಟಕಿಯಲ್ಲಿ ಕೈಯಿಟ್ಟು ನಿಂತಳು.

ಹಿಂತಿರುಗುವ ದಾರಿ

ದಾರಿಯಲ್ಲಿ ಪಲ್ಲವಿ ಹಾಲು ತರುತ್ತೇನೆಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹೋದಳು. ಇವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಗಾಜಿನ ಮೇಲೆ ಸಣ್ಣ ಹನಿ ಕೂರುತ್ತಿತ್ತು. ಇಷ್ಟು ದಿನ ಬಾಯಲ್ಲೇ ಉಳಿದದ್ದನ್ನು ಆಗ ಹೇಳಿಬಿಟ್ಟೆ. ಮುಖ ಕಾಣದಿದ್ದದ್ದೇ ಅನುಕೂಲವಾಯಿತು.

"ನಾನೂ ಬರ್ತೀನ್ರಿ."

ಇವರು ತಿರುಗಲಿಲ್ಲ. "ಬರ್ತೀನಿ ಅಂತ ಒಮ್ಮೆನೂ ಅನ್ನಲಿಲ್ಲಲ್ಲ ನೀ. ಹೂಂ ಅಂದಿ, ಸುಮ್ನಾದಿ. ಮಗಳ ಹತ್ರ ಇರೂದ ನಿನಗ ಬೇಕಾಗೈತಿ ಅಂತ ತಿಳಕೊಂಡ್ನಿ."

"ನೀವು ಕೇಳಲಿಲ್ಲ. ಗುಣಾಕಾರ ಮಾಡಿ ತೋರಿಸಿದ್ರಿ."

ಇವರ ಭುಜ ಅಲುಗಿದವು. ಅಳುತ್ತಾರೇನೋ ಎಂದು ಬಗ್ಗಿ ನೋಡಿದರೆ, ನಗುತ್ತಿದ್ದರು. "ಸೇಬುಹಣ್ಣು, ಸಿಗರೇಟು!" ಎಂದರು. ಪಲ್ಲವಿ ಹಾಲು ಹಿಡಿದು ಬಂದಾಗ ನಾವಿಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದೆವು. ಪಾಪ, ಅವಳು ಗಾಬರಿಯಾದಳು.

ಸೋಮವಾರ, ಮತ್ತೆ ಬುಧವಾರ

'ಒಬ್ಬರಿಗೆ' ಎಂಬುದನ್ನು ಅಳಿಸಿ, ಹೆಂಡತಿಯೂ ಜೊತೆಗಿರುತ್ತಾಳೆ ಎಂದು ಬರೆದು ಸೋಮವಾರ ಬೆಳಿಗ್ಗೆಯೇ ಕಳಿಸಿದರು. ಕಳಿಸಿದ ಮೇಲೆ ಇನ್ನೊಂದು ಹೆದರಿಕೆ ಹಿಡಿಯಿತು. ಕೊನೆಯ ಗಳಿಗೆಯಲ್ಲಿ ಬದಲಾಯಿಸಿದರು ಎಂದು ಕೆಲಸವನ್ನೇ ಬೇರೆಯವರಿಗೆ ಕೊಟ್ಟುಬಿಟ್ಟರೆ? ಮಂಗಳವಾರವೆಲ್ಲ ಇವರು ಲ್ಯಾಪ್‌ಟಾಪು ತೆರೆಯುವುದು, ಮುಚ್ಚುವುದು. ನಾನು ಪಲ್ಲವಿಯ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಏರಿಸಿದೆ.

ಬುಧವಾರ ರೊಟ್ಟಿ ಬಡಿಯುತ್ತಿದ್ದೆ, ಒಳಗಿನಿಂದ ಇವರು ಕೂಗಿದರು. ಹಿಟ್ಟಿನ ಕೈಯಲ್ಲೇ ಹೋದೆ. ಉತ್ತರ ಬಂದಿತ್ತು. ಸಂಸಾರಸ್ಥರ ಮನೆಯೊಂದು ಖಾಲಿ ಇದೆ, ಕೊಡುತ್ತೇವೆ, ಸಂತೋಷ ಎಂದಿದ್ದರು. ಆದರೆ ಇವರು ಕನ್ನಡಕ ಮೇಲೇರಿಸಿ ಇನ್ನೂ ಓದುತ್ತಿದ್ದರು, ಹುಬ್ಬು ಗಂಟಾಗಿತ್ತು.

"ತಡಿ, ಕೆಳಗ ಇನ್ನೂ ಬರದಾರ. ಆ ಮನಿಗೆ ದಿನಾ ನೀರು ಬರಂಗಿಲ್ಲಂತ. ದಿನಾ ಬಿಟ್ಟು ದಿನಾ ಅಂತ. ಡ್ರಮ್ಮಿನ್ಯಾಗ ತುಂಬಿಟ್ಕೋಬೇಕಂತ. ತೊಂದರೆಗೆ ಕ್ಷಮಿಸ್ರಿ, ನಡೀತೈತೇನು ತಿಳಸ್ರಿ ಅಂದಾರ. ಹೆಂಗ ಮಾಡೂದು, ನಿನಗ ತ್ರಾಸ ಆಗತೈತಿ..."

"ದಿನಾ ಬಿಟ್ಟು ದಿನಾ?" ಎಂದೆ. "ಹುಬ್ಬಳ್ಳ್ಯಾಗ ವಾರಕ್ಕೊಮ್ಮೆ ಬಿಡೂ ನೀರಿಗೆ ಇಪ್ಪತ್ತೇಳು ವರ್ಷ ಕೊಡ ಹಿಡಕೊಂಡು ಕುಂತಾಕಿ ನಾನು. ಲಗೂನ ಹೂಂ ಅಂತ ಬರೀರಿ, ಅವರ ಮನಸ್ಸು ಬದಲಾಗೂದ್ರೊಳಗ."

ಇವರು ಬರೆದರು. ನಾನು ಪಕ್ಕದಲ್ಲೇ ನಿಂತು, ಅದು ಹೋಯಿತೆಂದು ಕಣ್ಣಾರೆ ಕಂಡ ಮೇಲೆಯೇ ಒಲೆಯ ಕಡೆಗೆ ಹೋದೆ. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಕಾಗಿತ್ತು. ಅದನ್ನು ನಾನೇ ತಿಂದೆ. ಬಹಳ ರುಚಿಯಾಗಿತ್ತು.